ಒಂಬತ್ತನೇ ತರಗತಿಯ ಶುಲ್ಕ ಯಾರು ಕಟ್ಟಬೇಕು?

(ತಾಲ್ಲೂಕು ಕೇಂದ್ರವೊಂದರ ಖಾಸಗಿ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸ್ನೇಹ ಸಮ್ಮಿಲನದಲ್ಲಿ, ಸಂಘದ ಖಜಾಂಚಿಯಾಗಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಒಂದೆರಡು ವಿವರ ಸೇರಿಸಿದ್ದೇನೆ.)

ವೇದಿಕೆಯ ಮೇಲಿರುವ ನನ್ನ ಗುರುಗಳಿಗೆ, ಎದುರಿಗೆ ಕುಳಿತಿರುವ ಅಕ್ಕ ಅಣ್ಣಂದಿರಿಗೆ, ತಂಗಿ ತಮ್ಮಂದಿರಿಗೆ ನಮಸ್ಕಾರ.

ಪ್ರತಿ ವರ್ಷ ಈ ಹೊತ್ತಿನಲ್ಲಿ ನಾನು ಜಮಾ ಖರ್ಚು ಓದಿ, ನೀವು ಚಪ್ಪಾಳೆ ತಟ್ಟಿ ಅನುಮೋದಿಸಿ, ಎಲ್ಲರೂ ಊಟಕ್ಕೆ ಏಳುತ್ತಿದ್ದೆವು. ಈ ಸಲ ಅಧ್ಯಕ್ಷರಲ್ಲಿ ಅರ್ಧ ಗಂಟೆ ಕೇಳಿ ಪಡೆದುಕೊಂಡಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಬರೀ ಅಂಕಿ ಇರುತ್ತದೆ. ಆ ಅಂಕಿಗಳ ಹಿಂದಿರುವ ಮಕ್ಕಳ ವಿಷಯ ನಿಮಗೆ ಹೇಳಬೇಕು ಎಂದು ಬಹಳ ದಿನದಿಂದ ಅನಿಸುತ್ತಿತ್ತು.

ಮೊದಲು ನನ್ನದೇ ಒಂದು ಸಂಗತಿ. 1984. ನಾನು ಒಂಬತ್ತನೇ ತರಗತಿ. ನೂಲಿನ ಬೆಲೆ ಏರಿ ನಮ್ಮ ಮನೆಯ ಎರಡೂ ಮಗ್ಗ ನಿಂತಿದ್ದವು. ಶುಲ್ಕ ಕಟ್ಟಲು ಕೊನೆಯ ದಿನ. ಅಪ್ಪ ಏನೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೂ ಎಲ್ಲರ ಜೊತೆ ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಸಾಲಿನಲ್ಲಿ ನಿಲ್ಲದಿದ್ದರೆ ಗೆಳತಿಯರಿಗೆ ತಿಳಿದುಹೋಗುತ್ತದಲ್ಲ ಎಂಬ ಭಯ. ನನ್ನ ಸರದಿ ಬಂತು. ಗುಮಾಸ್ತರು ತಲೆ ಎತ್ತದೆ ಕಾರ್ಬನ್ ಹಾಳೆ ಸರಿಮಾಡಿಕೊಂಡು, ನನ್ನ ಹೆಸರು ಬರೆದು, ರಸೀದಿ ಹರಿದು ಕಿಟಕಿಯಿಂದ ಈಚೆ ತಳ್ಳಿದರು. "ಕಟ್ಟಿ ಆಗಿದೆ, ಹೋಗಮ್ಮ" ಎಂದರು. ಅಷ್ಟೇ ಮಾತು. ನನ್ನ ಹಿಂದೆ ನಿಂತವಳಿಗೂ ಅದು ಕೇಳಿಸಲಿಲ್ಲ. ಅವಳ ಕೈಗೆ ಬಂದ ರಸೀದಿಗೂ ನನ್ನದಕ್ಕೂ ಯಾವ ವ್ಯತ್ಯಾಸವೂ ಇರಲಿಲ್ಲ.

ಯಾರು ಕಟ್ಟಿದರು ಎಂದು ಆಗ ಕೇಳುವ ಧೈರ್ಯ ಬರಲಿಲ್ಲ. ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಈ ಸಂಘದ ಖಜಾಂಚಿಯಾದ ಮೇಲೆ ಶಾಲೆಯ ಹಳೆಯ ಲೆಡ್ಜರುಗಳನ್ನು ಕಟ್ಟು ಬಿಚ್ಚಿ ನೋಡಿದೆ. ಆ ವರ್ಷದ ಪುಟದಲ್ಲಿ, ಗುಮಾಸ್ತರ ದುಂಡನೆಯ ಅಕ್ಷರದಲ್ಲಿ, ಆರು ಮಕ್ಕಳ ಶುಲ್ಕದ ಎದುರು ಹೀಗಿತ್ತು: "ಹಳೆಯ ವಿದ್ಯಾರ್ಥಿ, ಬೆಂಗಳೂರು." ಹೆಸರಿಲ್ಲ. ಆ ಪುಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದೆ.

ಈಗ ಇಂದಿನ ಮಾತಿಗೆ ಬರುತ್ತೇನೆ. ನಮ್ಮದು ಅನುದಾನರಹಿತ ಶಾಲೆ. ನಾವು ಓದುವಾಗಲೂ ಸರ್ಕಾರದ ಅನುದಾನ ಇರಲಿಲ್ಲ, ಇಂದೂ ಇಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಬಿಸಿಯೂಟ ಇದೆ, ಉಚಿತ ಪಠ್ಯಪುಸ್ತಕ ಇದೆ. ನಮ್ಮಲ್ಲಿ ಶಿಕ್ಷಕರ ಸಂಬಳದಿಂದ ಹಿಡಿದು ಸೀಮೆಸುಣ್ಣದವರೆಗೆ ಎಲ್ಲವೂ ಮಕ್ಕಳ ಶುಲ್ಕದಿಂದಲೇ ಬರಬೇಕು. ಹಾಗಾಗಿ "ಪಾಪ, ಬಡ ಮಗು, ಶುಲ್ಕ ಮನ್ನಾ ಮಾಡಿಬಿಡಿ" ಎಂದು ಮುಖ್ಯ ಶಿಕ್ಷಕರಿಗೆ ಹೇಳುವುದು ಸುಲಭ. ಮನ್ನಾ ಮಾಡಿದ ಆ ಹಣ ಯಾರದೋ ಸಂಬಳದಿಂದ ಹೋಗುತ್ತದೆ. ಕೋವಿಡ್ ವರ್ಷದಲ್ಲಿ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು. 2021ರ ಜನವರಿಯಲ್ಲಿ ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯಬೇಕೆಂದು ಸರ್ಕಾರ ಆದೇಶಿಸಿತು. ಪೋಷಕರಿಗೆ ಅದು ಅಗತ್ಯವಾಗಿಯೇ ಇತ್ತು. ಆದರೆ ರಾಜ್ಯದ ಎಷ್ಟೋ ಖಾಸಗಿ ಶಾಲೆಗಳ ಶಿಕ್ಷಕರು ಅರ್ಧ ಸಂಬಳಕ್ಕೆ ಬಂದರು, ಕೆಲವರು ತರಕಾರಿ ಮಾರಿದರು. ಹಳೆಯ ವಿದ್ಯಾರ್ಥಿಗಳ ಹಣ ಬರುವುದು ಇಲ್ಲಿಯೇ: ಮಗುವಿನ ಶುಲ್ಕವೂ ಸಲ್ಲಬೇಕು, ಮೇಷ್ಟರ ಸಂಬಳವೂ ಕಡಿತವಾಗಬಾರದು. ಆ ನಡುವಿನ ಜಾಗವನ್ನು ತುಂಬಲು ಬೇರೆ ಯಾರೂ ಇಲ್ಲ.

ನಿಮ್ಮಲ್ಲಿ ಅನೇಕರಿಗೆ ತಿಳಿಯದ ಒಂದು ಗುಂಡಿ ಇದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ನಮ್ಮಂಥ ಶಾಲೆಗಳು ಪ್ರವೇಶದ ಹಂತದಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ, ಅವಕಾಶವಂಚಿತ ಮನೆಗಳ ಮಕ್ಕಳಿಗೆ ಕೊಡಬೇಕು, ಸರ್ಕಾರ ಅವರ ಖರ್ಚನ್ನು ಶಾಲೆಗೆ ಮರುಪಾವತಿ ಮಾಡುತ್ತದೆ. ಕರ್ನಾಟಕದಲ್ಲಿ ಮೊದಲ ತಂಡ ಬಂದದ್ದು 2012-13ರಲ್ಲಿ. ಗಾರೆ ಕೆಲಸದವರ ಮಗಳು, ಆಟೋ ಓಡಿಸುವವರ ಮಗ, ಮನೆಗೆಲಸ ಮಾಡುವ ತಾಯಿಯ ಮಗು ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತರು. ನನಗೆ ಆ ದಿನಗಳ ಸಂತೋಷ ನೆನಪಿದೆ. ಆದರೆ ಕಾಯ್ದೆ ಹೇಳುವುದು 6ರಿಂದ 14 ವರ್ಷದವರೆಗಿನ ಮಾತು. ಎಂಟನೇ ತರಗತಿ ಮುಗಿದ ದಿನ ಅದು ಮುಗಿಯುತ್ತದೆ. ಒಂಬತ್ತನೇ ತರಗತಿಯ ಮೊದಲ ದಿನ ಅದೇ ಮಗು, ಅದೇ ಬೆಂಚು, ಅದೇ ಗೆಳೆಯರು. ಶುಲ್ಕ ಮಾತ್ರ ಪೂರ್ತಿ.

2012-13ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಒಂಬತ್ತಕ್ಕೆ ಬಂದದ್ದು ಯಾವಾಗ, ಲೆಕ್ಕ ಹಾಕಿ. 2020ರ ಜೂನ್. ಅಪ್ಪನಿಗೆ ಕೆಲಸವಿಲ್ಲ, ಶಾಲೆ ಬಾಗಿಲು ತೆರೆದಿಲ್ಲ, ಪಾಠ ಮೊಬೈಲಿನಲ್ಲಿ, ಮನೆಯಲ್ಲಿ ಇರುವುದು ಒಂದೇ ಮೊಬೈಲು, ಅದರ ಮೇಲೆ ಶುಲ್ಕದ ಸಂದೇಶ. ಆಗ ಒಬ್ಬ ತಾಯಿ ನನಗೆ ಫೋನ್ ಮಾಡಿದ್ದರು. ಹಣ ಕೇಳಲಿಲ್ಲ. "ಅಮ್ಮ, ಮಗನನ್ನು ಬಿಡಿಸಿಬಿಡುತ್ತೇವೆ, ಆದರೆ ಟಿ.ಸಿ.ಯಲ್ಲಿ ಒಳ್ಳೆಯ ನಡತೆ ಅಂತ ಬರೆಸಿಕೊಡಿ" ಎಂದರು. ಎಂಟು ವರ್ಷ ಹಿಂದೆ ಆ ಹುಡುಗನ ಮೊದಲ ದಿನ ಅವನ ಕೈ ಹಿಡಿದು ಗೇಟಿನವರೆಗೆ ಬಂದ ತಾಯಿಯೇ ಅವರು. ಅವನು ಬಿಡಲಿಲ್ಲ. 1992ರ ಬ್ಯಾಚಿನವರು ವಾಟ್ಸ್ಯಾಪ್ ಗುಂಪಿನಲ್ಲಿ ಒಂದೇ ಸಂಜೆಯಲ್ಲಿ ಅವನ ಎರಡು ವರ್ಷದ ಶುಲ್ಕ ಕೂಡಿಸಿದರು. ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾಗೆ ಸೇರಿದ ಎಂದಷ್ಟೇ ಹೇಳುತ್ತೇನೆ, ಹೆಚ್ಚಿನದು ಹೇಳುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

2019ರಲ್ಲಿ ರಾಜ್ಯದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಸಿಗದು ಎಂದಾಯಿತು. ಹೊಸದಾಗಿ ಬರುವ ಮಕ್ಕಳು ತೀರಾ ಕಡಿಮೆಯಾದರು. ಹಾಗೆಂದು ಗುಂಡಿ ಮುಚ್ಚಿತು ಎಂದುಕೊಳ್ಳಬೇಡಿ. 2018-19ರಲ್ಲಿ ಎಲ್‌ಕೆಜಿಗೆ ಸೇರಿದ ಮಗು ಒಂಬತ್ತನೇ ತರಗತಿಗೆ ಬರುವುದು 2028-29ರಲ್ಲಿ. ಅಲ್ಲಿಯವರೆಗೆ ಪ್ರತಿ ಜೂನ್ ತಿಂಗಳಲ್ಲೂ ಒಂದಷ್ಟು ಮಕ್ಕಳು ಈ ಅಂಚಿಗೆ ಬಂದು ನಿಲ್ಲುತ್ತಾರೆ. ಇವರ ಹೆಸರುಗಳು ಶಾಲೆಯ ಹಾಜರಿ ಪುಸ್ತಕದಲ್ಲಿ ಈಗಾಗಲೇ ಇವೆ. ಯಾವ ವರ್ಷ ಎಷ್ಟು ಹಣ ಬೇಕು ಎಂಬುದನ್ನು ಇಂದೇ ಕುಳಿತು ಲೆಕ್ಕ ಹಾಕಬಹುದು. ಇಷ್ಟು ನಿಖರವಾಗಿ ಮುಂಚಿತವಾಗಿ ತಿಳಿಯುವ ಕಷ್ಟ ಬೇರೊಂದಿಲ್ಲ. ತಿಳಿದೂ ನಾವು ಸುಮ್ಮನಿದ್ದರೆ ಅದು ನನಗೆ ಸಹಿಸಲಾಗದ ಮಾತು.

ಸಾಲೋಟಗಿಯ ಶಾಸನ ನನಗೆ ಆಗಾಗ ನೆನಪಾಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಊರು ಅದು. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಇರಲು 27 ಮನೆಗಳು. ಅವರ ದೀಪಕ್ಕೆಂದೇ 12 ನಿವರ್ತನ (ಆ ಕಾಲದ ನೆಲದ ಅಳತೆ) ಭೂಮಿ. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ ಶಾಲೆಗೆ ಸಲ್ಲಬೇಕು ಎಂದು ಕಟ್ಟಳೆ. ಆ ಕಾಲದ ಅಗ್ರಹಾರದ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ಅದನ್ನು ಮರೆಯಬಾರದು. ನನ್ನ ಮನಸ್ಸು ನಿಲ್ಲುವುದು ದೀಪದ ಭೂಮಿಯ ಹತ್ತಿರ. ಕಟ್ಟಡ ಕಟ್ಟಿಸಿದವನಿಗೆ ರಾತ್ರಿ ಓದುವ ಹುಡುಗನ ಎಣ್ಣೆ ತೀರಿಹೋಗುತ್ತದೆ ಎಂಬುದು ಹೊಳೆದಿತ್ತು. ಕಟ್ಟಡ ಒಮ್ಮೆ ಕಟ್ಟಿದರೆ ಆಯಿತು, ಎಣ್ಣೆ ಪ್ರತಿ ದಿನ ಬೇಕು.

ನಾವು, ಹಳೆಯ ವಿದ್ಯಾರ್ಥಿಗಳು, ಸಾಮಾನ್ಯವಾಗಿ ಕಟ್ಟಡದ ಕಡೆಗೆ ವಾಲುತ್ತೇವೆ. ಬೆಳ್ಳಿ ಹಬ್ಬಕ್ಕೆ ಕಮಾನು, ಚಿನ್ನದ ಹಬ್ಬಕ್ಕೆ ರಂಗಮಂದಿರ. ಅದರ ಕಲ್ಲಿನ ಮೇಲೆ ನಮ್ಮ ಬ್ಯಾಚಿನ ಹೆಸರು ಕಂಡಾಗ ಆಗುವ ಹೆಮ್ಮೆ ಸಹಜವಾದದ್ದೇ. ಗುರುವಂದನೆಯೂ ಬೇಕು, ನಮಗೆ ಅಕ್ಷರ ಕೊಟ್ಟ ಕೈಗೆ ಹಣ್ಣಿನ ತಟ್ಟೆ ಕೊಡುವಾಗ ನನ್ನ ಕಣ್ಣು ಪ್ರತಿ ಸಲವೂ ತುಂಬುತ್ತದೆ. ಆದರೆ ಹೋದ ವರ್ಷ ಎಂಟನೇ ತರಗತಿಯ ಒಬ್ಬಳು ಹುಡುಗಿಯ ವಿಷಯ ಅವಳ ತರಗತಿ ಶಿಕ್ಷಕಿ ನನಗೆ ತಿಳಿಸಿದರು. ಮೊದಲ ಬೆಂಚಿನಲ್ಲಿ ಕುಳಿತರೂ ಅವಳು ಬೋರ್ಡ್ ನೋಡಿ ಬರೆಯುತ್ತಿರಲಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಗಣಿತದ ಮೇಷ್ಟರು ಅದನ್ನು ನಕಲು ಎಂದುಕೊಂಡಿದ್ದರು. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸಿದೆವು. ನಾವು ಸನ್ಮಾನಕ್ಕೆ ತರಿಸುವ ಒಂದು ಶಾಲು, ಒಂದು ಪೇಟ, ಒಂದು ಗಂಧದ ಹಾರ ಸೇರಿದರೆ ಆಗುವ ವೆಚ್ಚಕ್ಕಿಂತ ಅದು ಹೆಚ್ಚಿನದಾಗಲಿಲ್ಲ. ಕನ್ನಡಕ ಹಾಕಿಕೊಂಡ ಮೊದಲ ದಿನ ಅವಳು ಕಿಟಕಿಯಾಚೆಯ ಹೊಂಗೆ ಮರವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದಳಂತೆ. ಎಲೆಗಳು ಒಂದೊಂದಾಗಿ ಕಾಣುತ್ತವೆ ಎಂದು ಟೀಚರಿಗೆ ಹೇಳಿದಳಂತೆ.

ಹೀಗೆ ಸಣ್ಣ ಸಣ್ಣ ಖರ್ಚುಗಳು ಬಹಳ ಇವೆ. ಪರೀಕ್ಷಾ ಶುಲ್ಕ, ಶೂ, ಪ್ರವಾಸದ ವಂತಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಿಂತೆ ಕಳೆಯಿತು; ಗಂಡುಮಕ್ಕಳ ಪಾಸಿಗೆ ಈಗಲೂ ದುಡ್ಡು ಬೇಕು.

ಇನ್ನು ದತ್ತಿನಿಧಿಯ ಮಾತು. ಬ್ಯಾಂಕಿನಲ್ಲಿದ್ದವಳಾಗಿ ಇದನ್ನು ಹೇಳಲೇಬೇಕು. ನಮ್ಮ ಶಾಲೆಯ ಹೆಸರಿನಲ್ಲಿ ಹಿರಿಯರು ಪ್ರೀತಿಯಿಂದ ಇಟ್ಟ ಹತ್ತಾರು ದತ್ತಿಗಳಿವೆ. 1987ರಲ್ಲಿ ಒಬ್ಬರು ತಾಯಿಯ ನೆನಪಿಗೆ ಐದು ಸಾವಿರ ರೂಪಾಯಿ ಠೇವಣಿ ಇಟ್ಟರು. ಆಗ ಬಡ್ಡಿ ನೂರಕ್ಕೆ ಹತ್ತರ ಆಸುಪಾಸು, ವರ್ಷಕ್ಕೆ ಐನೂರು. ಐನೂರಕ್ಕೆ ಒಂದು ಮಗುವಿನ ಪಠ್ಯಪುಸ್ತಕ, ನೋಟುಪುಸ್ತಕ, ಎರಡು ಜೊತೆ ಸಮವಸ್ತ್ರ ಬರುತ್ತಿತ್ತು. ಇಂದು ನೂರಕ್ಕೆ ಏಳು ಹಿಡಿದರೂ ಬಡ್ಡಿ ಮುನ್ನೂರ ಐವತ್ತು. ಒಂದು ಜೊತೆ ಶೂ ಬರುವುದಿಲ್ಲ. ಕೊಟ್ಟವರ ಮನಸ್ಸು ದೊಡ್ಡದಿತ್ತು, ಹಣ ಸವೆಯಿತು.

ಆದ್ದರಿಂದ ಹೊಸ ದತ್ತಿ ಇಡುವವರಿಗೆ ನನ್ನ ಬೇಡಿಕೆ: ಬಡ್ಡಿಯನ್ನು ಪೂರ್ತಿ ಖರ್ಚು ಮಾಡಬೇಕೆಂದು ಷರತ್ತು ಹಾಕಬೇಡಿ. ಒಂದು ಲಕ್ಷಕ್ಕೆ ಏಳು ಸಾವಿರ ಬಂದರೆ ಐದು ಸಾವಿರ ಮಗುವಿಗೆ ಹೋಗಲಿ, ಎರಡು ಸಾವಿರ ಅಸಲಿಗೆ ಸೇರಲಿ. ಹಳೆಯ ಸಣ್ಣ ದತ್ತಿಗಳನ್ನು, ಕೊಟ್ಟವರ ಮನೆಯವರ ಒಪ್ಪಿಗೆ ಪಡೆದು, ಒಂದೇ ನಿಧಿಗೆ ಸೇರಿಸುವ ಠರಾವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ. ಹೆಸರುಗಳು ಅಳಿಯುವುದಿಲ್ಲ, ಪ್ರತಿ ವರ್ಷ ಬಹುಮಾನ ವಿತರಣೆಯ ದಿನ ಅಷ್ಟೂ ಹೆಸರು ಓದುತ್ತೇವೆ. ಮತ್ತೊಂದು ಮಾತು. ದತ್ತಿಗಳಲ್ಲಿ ಹೆಚ್ಚಿನವು ಅತಿ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಎಂದಿವೆ. ಮೊದಲ ಸ್ಥಾನದ ಮಗುವಿಗೆ ಬಹುಮಾನ ಬರಲಿ, ಸಂತೋಷ. ಆದರೆ ಮೂವತ್ತೈದನೇ ಸ್ಥಾನದ ಮಗು ಶಾಲೆಯಲ್ಲೇ ಉಳಿಯುವುದು ನನಗೆ ಅದಕ್ಕಿಂತ ದೊಡ್ಡ ವಿಷಯ. ಇದರಲ್ಲಿ ಕೆಲವು ಹಿರಿಯರಿಗೆ ನನ್ನ ಮೇಲೆ ಬೇಸರವಿದೆ ಎಂದು ಬಲ್ಲೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ.

ದೊಡ್ಡ ಮೊತ್ತ ಇಲ್ಲದವರು ಹಿಂಜರಿಯಬೇಡಿ. ತಿಂಗಳಿಗೆ ಒಂದು ಸಾವಿರ, ಎರಡು ವರ್ಷ. ಇಬ್ಬರು ಸೇರಿದರೆ ಒಂದು ಮಗು ಒಂಬತ್ತು, ಹತ್ತು ಮುಗಿಸುತ್ತದೆ. ನಮಗೆ ಬೇಕಾದದ್ದು ನಿಲ್ಲದೆ ಬರುವ ಹಣ. ಒಂಬತ್ತಕ್ಕೆ ಕಟ್ಟಿ ಹತ್ತಕ್ಕೆ ಕೈಬಿಟ್ಟರೆ ಆ ಮಗುವಿಗೆ ಆಗುವ ಪೆಟ್ಟು ಮೊದಲಿಗಿಂತ ಹೆಚ್ಚು. ಆದ್ದರಿಂದ ಎರಡೂ ವರ್ಷದ ಹಣದ ಭರವಸೆ ಸಿಗದೆ ನಾವು ಯಾವ ಮಗುವಿನ ಹೆಸರನ್ನೂ ಒಪ್ಪುವುದಿಲ್ಲ.

ಹೊರದೇಶದಲ್ಲಿರುವ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗೆ ಇಲ್ಲಿಯೇ ಉತ್ತರಿಸಿಬಿಡುತ್ತೇನೆ. ನೀವು ಈಗಲೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮಗೆ ಆ ಅನುಮತಿ ಇಲ್ಲ. ದಯವಿಟ್ಟು ಅಣ್ಣನ ಖಾತೆಗೆ ಹಾಕಿ ಅಲ್ಲಿಂದ ಕಳುಹಿಸುತ್ತೇನೆ ಎನ್ನಬೇಡಿ. ಇಲ್ಲಿರುವವರಿಗೆ ಇನ್ನೊಂದು ಸೂಚನೆ: ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಟ್ಟರೆ ಆದಾಯ ತೆರಿಗೆಯ ರಿಯಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ. ರಿಯಾಯಿತಿ ಇಲ್ಲದೆಯೂ ಕೊಡುತ್ತಿರುವ ನಿಮ್ಮಲ್ಲಿ ಅನೇಕರಿಗೆ ನಾನು ಕೈಮುಗಿಯುತ್ತೇನೆ.

ಈಗ ಆ ಹುಡುಗನ ಹೆಸರನ್ನು ಏಕೆ ಹೇಳಲಿಲ್ಲ ಎಂಬ ಮಾತು.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವೇ ಒಂದು ತಪ್ಪು ಮಾಡಿತು. ನೆರವು ಪಡೆದ ಏಳು ಮಕ್ಕಳನ್ನು ಈ ವೇದಿಕೆಗೆ ಕರೆದೆವು. ದೊಡ್ಡ ರಟ್ಟಿನ ಚೆಕ್ಕು ಮಾಡಿಸಿದ್ದೆವು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ತಂದೆಯ ಕೆಲಸ ಏನೆಂದು ಮೈಕಿನಲ್ಲಿ ಹೇಳಿ, ಫೋಟೊ ತೆಗೆಸಿದೆವು. ಆ ಫೋಟೊಗಳು ಇಂದಿಗೂ ನನ್ನ ಬಳಿ ಇವೆ. ನಾವೆಲ್ಲ ನಗುತ್ತಿದ್ದೇವೆ, ಮಕ್ಕಳು ನೆಲ ನೋಡುತ್ತಿದ್ದಾರೆ. ಅವರಲ್ಲಿ ಒಬ್ಬ ಎರಡು ವಾರ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ, ತರಗತಿಯಲ್ಲಿ ಅವನನ್ನು "ಚೆಕ್ಕು" ಎಂದು ಕರೆಯುತ್ತಿದ್ದಾರೆ ಎಂದು ತಿಳಿಯಿತು. ಆ ದಿನ ನನಗೆ ನಮ್ಮ ಗುಮಾಸ್ತರು ನೆನಪಾದರು. ಏಳನೇ ತರಗತಿ ಓದಿದ್ದ ಆ ಮನುಷ್ಯನಿಗೆ ತಿಳಿದಿದ್ದುದು ಇಷ್ಟು ಓದಿದ ನಮಗೆ ತಿಳಿದಿರಲಿಲ್ಲ.

ಇಂಗ್ಲೆಂಡಿನಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಇದೆ. ಹೆಸರು ಆಸ್ಪತ್ರೆಯಂತಿದ್ದರೂ ಅದು ಶಾಲೆಯೇ. ಲಂಡನ್ನಿನ ಬಡ ಮಕ್ಕಳಿಗಾಗಿ 1552ರಲ್ಲಿ ಶುರುವಾಯಿತು. ಕವಿ ಕೋಲ್‌ರಿಜ್ ಓದಿದ್ದು ಅಲ್ಲಿಯೇ. ಅದೂ ಸರ್ಕಾರದ ಹಿಡಿತದಲ್ಲಿಲ್ಲದ ಸ್ವತಂತ್ರ ಶಾಲೆ. ಮನೆಯ ವರಮಾನ ನೋಡಿ ಶುಲ್ಕ ನಿಗದಿ ಮಾಡುತ್ತಾರೆ, ಏನೂ ಕಟ್ಟದ ಮಕ್ಕಳೂ ಇದ್ದಾರೆ. ಹಳೆಯ ವಿದ್ಯಾರ್ಥಿಗಳೂ ಇತರ ದಾನಿಗಳೂ ಕೊಟ್ಟ ಹಣ, ಹಳೆಯ ದತ್ತಿಗಳು ಅದಕ್ಕೆ ಆಧಾರ. ಅಲ್ಲಿನ ಮಕ್ಕಳು ಇಂದಿಗೂ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ಧರಿಸುತ್ತಾರೆ, ಅದನ್ನು ಶಾಲೆಯೇ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಪೂರ್ತಿ ಶುಲ್ಕ ಕಟ್ಟಿದವರ ಮಗನಿಗೂ ಅದೇ ಕೋಟು, ಏನೂ ಕಟ್ಟದವಳ ಮಗನಿಗೂ ಅದೇ ಕೋಟು. ನಮ್ಮಿಂದ ಅಂಥ ನಿಧಿ ಸಾಧ್ಯವಿಲ್ಲದಿರಬಹುದು, ಆ ಕೋಟಿನ ಹಿಂದಿರುವ ಮನಸ್ಸು ಸಾಧ್ಯ.

ನಮ್ಮ ನಾಡಿನಲ್ಲೂ ಅಂಥ ಮನಸ್ಸುಗಳಿಗೆ ಕೊರತೆಯಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಹುಡುಗ 1935ರಲ್ಲಿ, ಬಸ್ಸಿಗೆ ಹಣವಿಲ್ಲದೆ, ಬೆಂಗಳೂರಿಗೆ ನಡೆದೇ ಬಂದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದ. ಅವರೇ ಮುಂದೆ ಡಾ. ಎಚ್. ನರಸಿಂಹಯ್ಯ. ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ತಮಗೆ ಓದು ಕೊಟ್ಟ ಸಂಸ್ಥೆಯನ್ನೇ ಮನೆ ಮಾಡಿಕೊಂಡು, ಮದುವೆಯಾಗದೆ, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬಾಳಿದರು. ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೂ ಆ ಸಂಸ್ಥೆಯ ಕಾಲೇಜು ತಲುಪಿತು. ಎಲ್ಲರೂ ಅವರಂತೆ ಬದುಕನ್ನೇ ಕೊಡಲಾರರು, ಬೇಕಾಗಿಯೂ ಇಲ್ಲ. ನಾನು ಕೇಳುತ್ತಿರುವುದು ಎರಡು ವರ್ಷದ ಶುಲ್ಕವನ್ನು ಮಾತ್ರ.

ರಟ್ಟಿನ ಚೆಕ್ಕಿನ ಆ ವರ್ಷದ ನಂತರ ನಮ್ಮ ಕ್ರಮ ಹೀಗಿದೆ. ಮುಖ್ಯ ಶಿಕ್ಷಕರು, ಆ ತರಗತಿಯ ಶಿಕ್ಷಕರು, ಸಂಘದಿಂದ ಒಬ್ಬರು, ಈ ಮೂವರು ಮೇ ತಿಂಗಳಲ್ಲಿ ಕುಳಿತು ಹೆಸರುಗಳನ್ನು ಗೊತ್ತುಮಾಡುತ್ತಾರೆ. ಪಟ್ಟಿ ಆ ಕೋಣೆಯಿಂದ ಆಚೆ ಬರುವುದಿಲ್ಲ, ಸಂಘದ ಅಧ್ಯಕ್ಷರಿಗೂ ತೋರಿಸುವುದಿಲ್ಲ. ಹಣ ನೇರವಾಗಿ ಶಾಲೆಯ ಖಾತೆಗೆ ಹೋಗುತ್ತದೆ. ಲೆಕ್ಕಪರಿಶೋಧಕರು ಪ್ರತಿ ರಸೀದಿಯನ್ನೂ ನೋಡುತ್ತಾರೆ, ನಿಮಗೆ ಬರುವ ವರದಿಯಲ್ಲಿ ಮಕ್ಕಳ ಸಂಖ್ಯೆ ಮತ್ತು ಮೊತ್ತ ಮಾತ್ರ ಇರುತ್ತದೆ. ಮಗುವಿಗೆ ಸಿಗುವುದು ಎಲ್ಲರಿಗೂ ಸಿಗುವಂಥದೇ ರಸೀದಿ. ಕೃತಜ್ಞತೆಯ ಪತ್ರ ಬರೆಸುವುದನ್ನೂ ನಿಲ್ಲಿಸಿದ್ದೇವೆ.

ಮಾತು ಮುಗಿಸುವ ಹೊತ್ತಿಗೆ ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. ಮೂರು ವರ್ಷದಿಂದ ತಪ್ಪದೆ ಹಣ ಕಳುಹಿಸುತ್ತಿರುವವರು. "ಎಲ್ಲ ಸರಿಯಮ್ಮ, ನೀನು ಹೇಳಿದ್ದು ಒಪ್ಪುತ್ತೇನೆ. ಆದರೆ ನಾನು ಕೊಟ್ಟ ಹಣದಿಂದ ಓದುತ್ತಿರುವ ಮಗುವನ್ನು ದೂರದಿಂದಲಾದರೂ ಒಮ್ಮೆ ನೋಡಬಾರದೇ?" ಎಂದರು. ಅವರ ದನಿ ನಡುಗುತ್ತಿತ್ತು.

ಜನವರಿ 26ರ ಬೆಳಿಗ್ಗೆ ಎಂಟು ಗಂಟೆಗೆ ಬನ್ನಿ ಅಣ್ಣ, ಎಂದೆ. ಧ್ವಜಾರೋಹಣಕ್ಕೆ ಒಂಬತ್ತನೇ ತರಗತಿಯವರು ಹೊಂಗೆ ಮರದ ಕೆಳಗೆ ಸಾಲಾಗಿ ನಿಂತಿರುತ್ತಾರೆ, ಬಿಳಿ ಅಂಗಿ, ಬಿಳಿ ಶೂ. ಆ ಸಾಲಿನಲ್ಲಿ ನಿಮ್ಮ ಮಗುವೂ ಇರುತ್ತದೆ.